ಜೇಮ್ಸ್ ಸ್ಕಿನ್ನರ್ (1778–1841)

ಬ್ರಿಟಿಷರು ಆಸ್ಟ್ರೇಲಿಯ, ಕೆನಡಗಳಲ್ಲಿ ನೆಲೆನಿಂತು ಆಳಿದರು. ಭಾರತದಲ್ಲಾದರೋ, ತನ್ನವರು ಬೇರೂರದಂತೆ ನೋಡಿಕೊಂಡು ಆಳುವುದೇ ಈಸ್ಟ್ ಇಂಡಿಯಾ ಕಂಪನಿಯ ನೀತಿಯಾಗಿತ್ತು. ಇದರ ಪೆಟ್ಟು ಇಲ್ಲಿಯೇ ಹುಟ್ಟಿದ ಮಿಶ್ರಸಂತತಿಗೆ ತಟ್ಟಿತು. ದೆಹಲಿಯ ಜನ ಸಿಕಂದರ್ ಸಾಹೇಬನೆಂದು ಕರೆದ ಸ್ಕಿನ್ನರನ ಬಾಳು ಇದಕ್ಕೆ ನಿದರ್ಶನ.

ಈತ ಜನಿಸಿದ್ದು 1778ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಕಂಪನಿಯ ಸೇನೆಯಲ್ಲಿದ್ದ ಸ್ಕಾಟಿಷ್ ಅಧಿಕಾರಿ. ತಾಯಿ ರಜಪೂತ ಸ್ತ್ರೀ. ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾದವರಿಗೆ ಕಂಪನಿಯ ಅಧಿಕಾರಸ್ಥಾನಗಳು 1791ರಲ್ಲಿ ನಿಷಿದ್ಧವಾದುವು. ಆದ್ದರಿಂದ ಸ್ಕಿನ್ನರನು ಮರಾಠ ದೊರೆ ಸಿಂಧಿಯಾನ ಸೈನ್ಯವನ್ನು ಸೇರಿದನು. 1803ರಲ್ಲಿ ಆಂಗ್ಲ–ಮರಾಠಾ ಯುದ್ಧ ಒದಗಿದಾಗ, ಬ್ರಿಟಿಷ್ ಮೂಲದವನೆಂಬ ಕಾರಣಕ್ಕೆ ಅಲ್ಲಿಂದಲೂ ಹೊರಬೀಳಬೇಕಾಯಿತು. ಬಳಿಕ ಜನರಲ್ ಲೇಕನ ಆಶ್ರಯದಲ್ಲಿ ಆತ ಕಟ್ಟಿದ, ಹಳದಿ ಉಡುಪಿನ ಅಶ್ವದಳ ಅವನ ಹೆಸರಿನಲ್ಲಿಯೇ ಭಾರತೀಯ ಸೇನೆಯಲ್ಲಿ ಇಂದಿಗೂ ಉಳಿದಿದೆ.

ಕತ್ತಿಯೊಂದೇ ಈತನ ಸಾಧನವಾಗಿರಲಿಲ್ಲ. ನಾಡಿನ ಜಾತಿ, ವೃತ್ತಿಗಳನ್ನು ಕುರಿತು ಪಾರಸಿಯಲ್ಲಿ ಸಚಿತ್ರ ಗ್ರಂಥವೊಂದನ್ನು 1825ರಲ್ಲಿ ಸಿದ್ಧಪಡಿಸಿದನು. ದೆಹಲಿಯ ಕಾಶ್ಮೀರಿ ಗೇಟಿನ ಬಳಿ ಸ್ವಂತ ಹಣದಿಂದ ಕಟ್ಟಿಸಿದ ಸೇಂಟ್ ಜೇಮ್ಸ್ ಚರ್ಚು 1836ರಲ್ಲಿ ಪ್ರತಿಷ್ಠಾಪಿತವಾಯಿತು.

1841ರ ಡಿಸೆಂಬರ್ 4ರಂದು ಹಾನ್ಸಿಯಲ್ಲಿ ನಿಧನನಾದ ಆತನ ದೇಹವನ್ನು ಮರುತಿಂಗಳು ದೆಹಲಿಗೆ ತಂದು ಅದೇ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. ಎರಡು ಪಾಳೆಯಗಳಿಗೂ ಪರಕೀಯನೆನಿಸಿದವನಿಗೆ ತಾಯಿಯ ನಾಡೇ ನೆಲೆಯಾಯಿತು.