ಸಂಧಿವಾತಕ್ಕೆ ಕ್ಯಾನ್ಸರ್ ಮಾತ್ರೆಯೇ? ಅದರ ಹಿಂದಿರುವ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ನಮ್ಮ ಹೃದಯ

ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಇರುವ ಮೆಡಿಕಲ್ ಸ್ಟೋರಿನಿಂದ ಮೆಥೋಟ್ರೆಕ್ಸೇಟ್ ಮಾತ್ರೆ ತಂದು, ಅದರ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿ. ಮೊದಲು ಕಣ್ಣಿಗೆ ಬೀಳುವ ಪದ ಕ್ಯಾನ್ಸರ್. ಬೆರಳಿನ ಗಿಣ್ಣು ಊದಿದೆ ಅಂತ ಹೋದರೆ ಡಾಕ್ಟರು ಇದನ್ನೇಕೆ ಕೊಟ್ಟರು ಎಂಬ ಗಾಬರಿಯಲ್ಲಿ ಕೆಲವರು ಮಾತ್ರೆ ನಿಲ್ಲಿಸಿಬಿಡುತ್ತಾರೆ, ಜೊತೆಗೆ ಫ್ಯಾಮಿಲಿ ಗ್ರೂಪಿಗೊಂದು ಎಚ್ಚರಿಕೆಯನ್ನೂ ಹಾಕುತ್ತಾರೆ. ಈ ಮಾತ್ರೆಯ ಹಿಂದೆ ನಮ್ಮ ಪಕ್ಕದ ಆಂಧ್ರದವರೊಬ್ಬರ ಬದುಕಿದೆ. ಅದನ್ನು ತಿಳಿದರೆ ಗಾಬರಿ ಅರ್ಧ ಇಳಿಯುತ್ತದೆ.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಭೀಮಾವರಂನಲ್ಲಿ. ಓದಿನಲ್ಲಿ ಮೊದಲಿನಿಂದಲೂ ಮುಂದಿದ್ದ ಹುಡುಗನೇನಲ್ಲ. ಮೆಟ್ರಿಕ್ ಪಾಸಾಗಿದ್ದು ಮೂರನೇ ಯತ್ನದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದ ಮೇಲೆ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ಬಟ್ಟೆಯಲ್ಲೇ ಶಸ್ತ್ರಚಿಕಿತ್ಸಾ ತರಗತಿಗೆ ಹೋದರು. ಬ್ರಿಟಿಷ್ ಪ್ರೊಫೆಸರ್ ಸಿಟ್ಟಾದರು. ಕೊನೆಗೆ ಎಂಬಿಬಿಎಸ್ ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಯಲ್ಲಿ. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಇದರಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳುವುದಿಲ್ಲ, ಭೇದಿಯಾಗಿ, ರಕ್ತಹೀನತೆಯಾಗಿ ಮನುಷ್ಯ ಸವೆದುಹೋಗುತ್ತಾನೆ. ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ಬಂತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಲ್ಲಿ ಚೇತರಿಸಿಕೊಂಡು, ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು.

1922ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ಓದಲೆಂದು ಬಾಸ್ಟನ್ ತಲುಪಿದರು. ಊರಲ್ಲಿ ಬಿಟ್ಟುಹೋದ ಹೆಂಡತಿಯ ಬಳಿಗೆ ಮತ್ತೆ ಬರಲೇ ಇಲ್ಲ. ಈ ಮಾತನ್ನು ಅವರ ಮೇಲಿನ ಹೊಗಳಿಕೆಯ ಫಾರ್ವರ್ಡ್‌ಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರೋಗಿಗಳ ಬೆಡ್‌ಪ್ಯಾನ್ ತೊಳೆದರು. ಸೈರಸ್ ಫಿಸ್ಕೆ ಜೊತೆ ಸೇರಿ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ಇವತ್ತಿಗೂ ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಇಬ್ಬರ ಹೆಸರಿನಿಂದಲೇ ಕಲಿಯುತ್ತಾರೆ. ಆದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಎಂಬ ಔಷಧಿ ಕಂಪನಿ ಸೇರಿದರು. ಮುಂದಿನ ಎಂಟು ವರ್ಷ ನಿಜಕ್ಕೂ ಬೆರಗು ಹುಟ್ಟಿಸುವಂಥವು. ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಸಿಡ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸಹೋದರರನ್ನು ಕಿತ್ತುಕೊಂಡ ಸ್ಪ್ರೂ ಕಾಯಿಲೆಯ ಚಿಕಿತ್ಸೆಗೆ ಅದು ಬಳಕೆಯಾಯಿತು. ಆನೆಕಾಲು ರೋಗಕ್ಕೆ ಕಲಬುರಗಿ, ಬೀದರ್ ಕಡೆ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನುಂಗಿಸಿದ ಡಿಇಸಿ ಮಾತ್ರೆಯೂ ಅದೇ ತಂಡದ ಕೊಡುಗೆ.

ನಮ್ಮ ವಿಷಯಕ್ಕೆ ಬೇಕಾದದ್ದು ಇನ್ನೊಂದು. ವೇಗವಾಗಿ ಬೆಳೆಯುವ ಜೀವಕೋಶಕ್ಕೆ ಫೋಲಿಕ್ ಆಸಿಡ್ ಬೇಕೇಬೇಕು. ಹಾಗಾದರೆ ಅದರಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ನಕಲಿಯೊಂದನ್ನು ಕೊಟ್ಟರೆ? ಹೀಗೆ ಬಂದದ್ದು ಅಮಿನೋಪ್ಟೆರಿನ್, ಅದರ ಬೆನ್ನಿಗೇ ಮೆಥೋಟ್ರೆಕ್ಸೇಟ್. ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಅನ್ನು ರಕ್ತ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟಾಗ ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಆ ಫಲಿತಾಂಶ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ಹೃದಯ ನಿಂತು ತೀರಿಕೊಂಡರು. ಇದನ್ನು ಸಂಧಿವಾತಕ್ಕೆ ತಳುಕು ಹಾಕುವಂತಿಲ್ಲ. ಆದರೆ ಅವರ ಔಷಧಿ ಮುಂದೆ ಹೃದಯದ ಪ್ರಶ್ನೆಯೊಳಗೂ ಬಂತು.

1951ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಗುಬ್ನರ್ ಮತ್ತು ಸಂಗಡಿಗರು ಅಮಿನೋಪ್ಟೆರಿನ್ ಕೊಟ್ಟಾಗ ರುಮಟಾಯ್ಡ್ ಆರ್ಥರೈಟಿಸ್ ರೋಗಿಗಳ ಕೀಲಿನ ಊತ ಇಳಿಯಿತು. ಆದರೆ ಮೆಥೋಟ್ರೆಕ್ಸೇಟ್‌ಗೆ ಈ ರೋಗದಲ್ಲಿ ಅಮೆರಿಕದ ಅಧಿಕೃತ ಒಪ್ಪಿಗೆ ಸಿಗಲು 1988 ಆಗಬೇಕಾಯಿತು.

ರುಮಟಾಯ್ಡ್ ಆರ್ಥರೈಟಿಸ್ ವಯಸ್ಸಾದ ಮಂಡಿಯ ಸವೆತವಲ್ಲ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆಗ ಉಂಟಾಗುವ ಉರಿಯೂತದ ರಾಸಾಯನಿಕಗಳು ಬೆರಳಲ್ಲೇ ಕೂರುವುದಿಲ್ಲ, ರಕ್ತದಲ್ಲಿ ಸುತ್ತುತ್ತವೆ. ರಕ್ತನಾಳದ ಒಳಪದರವನ್ನು ಕೆಡಿಸಿ, ಅಲ್ಲಿ ಕೊಬ್ಬು ಕಟ್ಟುವುದನ್ನು ಚುರುಕಾಗಿಸುತ್ತವೆ. ಹಾಗಾಗಿ ಈ ರೋಗವಿರುವವರಿಗೆ ಹೃದಯ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಸಿಗರೇಟು ಎರಡೂ ಕಾಯಿಲೆಗಳನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್ ಕೂಡ ಹೃದಯಕ್ಕೆ ಒಳ್ಳೆಯದಲ್ಲ. ಇನ್ನೊಂದು ಮೋಸವಿದೆ: ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಕಡಿಮೆ ಎಂದೇ ರಿಪೋರ್ಟ್ ಬರಬಹುದು. ಅದನ್ನು ನೋಡಿ ನಿರಾಳರಾಗುವಂತಿಲ್ಲ.

ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವ ಸಂಧಿವಾತದ ರೋಗಿಗಳಲ್ಲಿ ಹೃದಯದ ತೊಂದರೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿತು. ಹಾಗಾದರೆ ಎಲ್ಲ ಹೃದ್ರೋಗಿಗಳಿಗೂ ಕೊಡಬಹುದೇ? 4,786 ಹೃದ್ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಪ್ರಯೋಗ ಇದಕ್ಕೆ ಇಲ್ಲ ಎಂದಿತು, ಅವರಿಗೆ ಲಾಭವಾಗಲಿಲ್ಲ. ಆದ್ದರಿಂದ ಇದನ್ನು ಹಾರ್ಟ್‌ಗೆ ಒಳ್ಳೆಯ ಮಾತ್ರೆ ಅಂತ ಫಾರ್ವರ್ಡ್ ಮಾಡಬೇಡಿ. ಸಂಧಿವಾತ ಇರುವವರು ಹೆದರಿ ಬಿಡಲೂ ಬೇಡಿ.

ಕ್ಯಾನ್ಸರ್‌ಗೆ ಇದೇ ಔಷಧಿಯನ್ನು ಕೆಲವೊಮ್ಮೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಅಷ್ಟೆ. ವಾರಕ್ಕೆ ಎಂಬ ಪದವನ್ನು ದಯವಿಟ್ಟು ಎರಡು ಸಲ ಓದಿ. ವಾರಕ್ಕೊಂದು ದಿನ ನುಂಗಬೇಕಾದ್ದನ್ನು ಮರೆವಿನಿಂದ ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಜಗತ್ತಿನ ಹಲವು ಕಡೆ ಇದ್ದಾರೆ. ಮನೆಯಲ್ಲಿ ಅಜ್ಜಿಗೋ ಅಮ್ಮನಿಗೋ ಈ ಮಾತ್ರೆ ಇದ್ದರೆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಾಕ್ಟರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ, ಮದ್ಯ ಕುಡಿಯುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಚೀಟಿಯಲ್ಲಿ ವಾರದ ಬೇರೆ ದಿನಕ್ಕೆ ಇನ್ನೊಂದು ಮಾತ್ರೆಯನ್ನೂ ಬರೆದಿರುತ್ತಾರೆ: ಫೋಲಿಕ್ ಆಸಿಡ್. ಮೆಥೋಟ್ರೆಕ್ಸೇಟ್‌ನಿಂದಾಗುವ ಬಾಯಿಹುಣ್ಣು, ಹೊಟ್ಟೆ ತೊಳಸುವಿಕೆಯನ್ನು ಅದು ತಗ್ಗಿಸುತ್ತದೆ. ಎರಡೂ ಹುಟ್ಟಿದ್ದು ಸುಬ್ಬರಾವ್ ಅವರ ಲ್ಯಾಬಿನಲ್ಲೇ.