ಸರ್ಕ್ಯೂಟ್ ಬೋರ್ಡ್ ಇಷ್ಟು ಅಗ್ಗವಾದದ್ದು ಹೇಗೆ? ಪೌಲ್ ಐಸ್ಲರ್ ಅವರ ಬದುಕು

ಬಳಸಿ ಬಿಸಾಡುವ ವೇಪ್, ಅಂದರೆ ಇ-ಸಿಗರೇಟು, ಬಿಚ್ಚಿದರೆ ಒಳಗೆ ಸಿಗುವುದು ಒಂದು ಲಿಥಿಯಂ ಬ್ಯಾಟರಿ, ಬಿಸಿಯಾಗುವ ತಂತಿಸುರುಳಿ ಮತ್ತು ಉಗುರಿನಗಲದ ಸರ್ಕ್ಯೂಟ್ ಬೋರ್ಡ್. ಭಾರತದಲ್ಲಿ 2019ರಿಂದ ಇದರ ತಯಾರಿಕೆ, ಮಾರಾಟ ಎರಡೂ ನಿಷಿದ್ಧ. ಆದರೆ ಆ ಬೋರ್ಡಿನ ಬಗ್ಗೆ ನಮಗೆ ಕುತೂಹಲ. ಉಸಿರೆಳೆದದ್ದನ್ನು ಗುರುತಿಸಿ ಸುರುಳಿಗೆ ವಿದ್ಯುತ್ ಹರಿಸುವ, ಬ್ಯಾಟರಿ ತೀರಾ ಬರಿದಾಗುವ ಮುನ್ನ ಅದನ್ನು ನಿಲ್ಲಿಸುವ ಈ ವಸ್ತು ಕಸಕ್ಕೆ ಎಸೆಯುವಷ್ಟು ಅಗ್ಗವಾದದ್ದು ಹೇಗೆ? ಉತ್ತರದ ಒಂದು ದೊಡ್ಡ ಭಾಗ ಪೌಲ್ ಐಸ್ಲರ್ ಅವರ ಬದುಕಿನಲ್ಲಿದೆ.

ಐಸ್ಲರ್ ಹುಟ್ಟಿದ್ದು 1907ರಲ್ಲಿ, ವಿಯೆನ್ನಾದಲ್ಲಿ. 1930ರಲ್ಲಿ ಎಂಜಿನಿಯರ್ ಆದರೂ, ಯಹೂದಿಯಾದ್ದರಿಂದ ಓದಿಗೆ ತಕ್ಕ ಕೆಲಸ ಸಿಗುವುದು ಕಷ್ಟವಾಯಿತು. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆದರು. ಆ ಒಡನಾಟದಲ್ಲಿ ಅಚ್ಚಿನ ಕೆಲಸ ಅರಿತರು. ಕೆಲಸ ಸಿಕ್ಕಿದ್ದರೆ ಅವರು ಅಚ್ಚುಕೂಟದ ಕಡೆ ತಲೆಹಾಕುತ್ತಲೇ ಇರಲಿಲ್ಲವೇನೋ.

1936ರಲ್ಲಿ ಇಂಗ್ಲೆಂಡಿಗೆ ಬಂದ ಅವರು ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಒಂದು ರೇಡಿಯೊ ಕಟ್ಟಿದರು. ಆಗಿನ ರೇಡಿಯೊ ಒಳಗೆ ತಂತಿಗಳದೇ ಗೋಜಲು. ಒಂದೊಂದನ್ನೂ ಕತ್ತರಿಸಿ ಕೈಯಿಂದ ಬೆಸೆಯಬೇಕು. ಒಂದು ಬೆಸುಗೆ ಸಡಿಲವಾದರೂ ಸದ್ದಡಗುತ್ತಿತ್ತು. ಐಸ್ಲರ್ ವಿಧಾನದಲ್ಲಿ, ವಿದ್ಯುತ್ ಹರಿಯದ ಹಲಗೆಗೆ ತಾಮ್ರದ ತೆಳು ಹಾಳೆ ಅಂಟಿಸಿ, ದಾರಿ ಬೇಕಾದಲ್ಲೆಲ್ಲ ಮಸಿಯಂಥ ಲೇಪ ಅಚ್ಚು ಹಾಕಿ, ಮಿಕ್ಕ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ‘ಪ್ರಿಂಟೆಡ್ ಸರ್ಕ್ಯೂಟ್’ ಎಂಬ ಹೆಸರು ಕೇಳಿ ತಾಮ್ರವನ್ನೇ ಮುದ್ರಿಸುತ್ತಾರೆ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಅಚ್ಚಾಗುವುದು ತಾಮ್ರವನ್ನು ಕಾಯುವ ಲೇಪ ಮಾತ್ರ. ಅಗ್ಗದ ಗುಟ್ಟೂ ಇಲ್ಲೇ ಇದೆ: ಹತ್ತು ದಾರಿಗಳಿರಲಿ, ಇನ್ನೂರಿರಲಿ, ಕರಗಿಸುವ ಕೆಲಸ ಒಂದೇ ಸಲ. ಒಂದು ದೊಡ್ಡ ಹಾಳೆಯಿಂದ ನೂರಾರು ಪುಟ್ಟ ಬೋರ್ಡುಗಳು ಒಟ್ಟಿಗೇ ಬರುತ್ತವೆ. ನಕ್ಷೆ ಬರೆದ ಖರ್ಚು ಅಷ್ಟಕ್ಕೂ ಹಂಚಿಹೋಗುತ್ತದೆ.

ಇದನ್ನು ಅವರು ಪ್ಲೆಸಿ ಕಂಪನಿಗೆ ತೋರಿಸಿದರು. ಕಂಪನಿ ಬೇಡವೆಂದಿತು. ತಂತಿ ಬೆಸೆಯುವ ಹುಡುಗಿಯರ ಕೂಲಿ ಅದಕ್ಕಿಂತ ಅಗ್ಗ ಎಂಬುದು ಕಾರಣ!

1940ರಲ್ಲಿ ಬ್ರಿಟನ್ ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರಿಗೆ ಈ ಗತಿ. ಬಿಡುಗಡೆಯಾದ ಮೇಲೆ ಆಸರೆ ಕೊಟ್ಟದ್ದು ಸಂಗೀತದ ಸ್ವರಲಿಪಿ ಮುದ್ರಿಸುವ ಒಂದು ಸಂಸ್ಥೆ. ಅಲ್ಲಿ ಕರಾರನ್ನು ಸರಿಯಾಗಿ ಓದದೆ ಸಹಿ ಹಾಕಿದ ಐಸ್ಲರ್ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು. 1943ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಯುದ್ಧ ಮುಗಿದ ಮೇಲೆ ಲೋಕವೆಲ್ಲ ಮುದ್ರಿತ ಸರ್ಕ್ಯೂಟಿನ ಹಿಂದೆ ಬಿತ್ತು. ಆದರೆ 1960ರ ದಶಕದಲ್ಲಿ ಅಮೆರಿಕದ ನ್ಯಾಯಾಲಯ ಆ ಪೇಟೆಂಟುಗಳನ್ನು ಒಪ್ಪಲಿಲ್ಲ. ಇಂಥ ಪ್ರಯತ್ನಗಳು ಮೊದಲೇ ನಡೆದಿದ್ದವು ಎಂಬುದೂ ನಿಜವೇ. ಆಲ್ಬರ್ಟ್ ಹ್ಯಾನ್ಸನ್ 1903ರಲ್ಲೇ ಪೇಟೆಂಟ್ ಪಡೆದಿದ್ದರು. ಹಾಗಾಗಿ ಐಸ್ಲರ್ ಒಬ್ಬರೇ ಇದರ ಜನಕ ಎಂದು ನಾವು ಹೇಳುವುದಿಲ್ಲ.

ಮತ್ತೆ ವೇಪ್‌ಗೆ ಬರೋಣ. 3.7 ವೋಲ್ಟಿನ ಬ್ಯಾಟರಿಗೆ 1 ಓಮ್ ಸುರುಳಿ ಜೋಡಿಸಿದರೆ ಹರಿಯುವುದು 3.7 ಆಂಪಿಯರ್, ಹುಟ್ಟುವ ಶಾಖ ಸುಮಾರು 14 ವ್ಯಾಟ್. ಪುಟ್ಟ ಬೋರ್ಡಿಗೆ ಇದು ದೊಡ್ಡ ಹೊರೆ. ತಾಮ್ರದ ದಾರಿ ಅಗಲವಾಗಿರಬೇಕು, ಇಲ್ಲವೆಂದರೆ ದಾರಿಯೇ ಕಾಯುತ್ತದೆ. ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಯಾರೂ ಸೇದದಿದ್ದರೂ ಸುರುಳಿ ಕಾಯುತ್ತಲೇ ಇರಬಹುದು. ಕಾಸು ಉಳಿಸಲು ತಾಮ್ರ ತೆಳುವಾಗಿಸಿ ರಕ್ಷಣೆಯ ಭಾಗಗಳನ್ನು ಕೈಬಿಟ್ಟರೆ, ಅಪಾಯ ಹಿಡಿದವರ ಕೈಯಲ್ಲೇ ಇರುತ್ತದೆ.

ತೆಳು ಲೋಹ ಕಾಯುವ ಇದೇ ಗುಣವನ್ನು ಐಸ್ಲರ್ ಮುಂದೆ ಬೇಕೆಂದೇ ಬಳಸಿಕೊಂಡರು. 1957ರಲ್ಲಿ ಹಳೆಯ ಸಂಸ್ಥೆ ಬಿಟ್ಟು, ಲೋಹದ ಹಾಳೆಯಿಂದ ಊಟ ಬಿಸಿಮಾಡುವುದು, ಗೋಡೆಗಂಟಿಸುವ ಕಾಗದದಿಂದಲೇ ಕೋಣೆ ಬೆಚ್ಚಗಿಡುವುದು ಇತ್ಯಾದಿಗಳಲ್ಲಿ ತೊಡಗಿದರು. ಉತ್ತರ ಸಮುದ್ರದಲ್ಲಿ ಅಗ್ಗದ ಅನಿಲ ಸಿಕ್ಕಿತು. ಬೆಚ್ಚನೆಯ ಗೋಡೆಕಾಗದ ಅಲ್ಲಿಗೇ ನಿಂತಿತು. ಐಸ್ಲರ್ 1992ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.