ರಾಬರ್ಟ್ ಬೇಕ್‌ವೆಲ್ (1725–1795): ತಳಿಯ ಆಯ್ಕೆ, ಮೇವಿನ ವೆಚ್ಚ ಮತ್ತು ಮಾಂಸದ ಇಳುವರಿ

(ಹಂದಿ ಹಾಗೂ ಕುರಿ ಸಾಕಣೆ ಘಟಕಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಹಂದಿ ಅಥವಾ ಕುರಿ ಘಟಕ ಸ್ಥಾಪಿಸಲು ಸಹಾಯಧನ ಅಥವಾ ಬ್ಯಾಂಕ್ ಸಾಲ ಕೋರುವವರಿಗೆ ಮೊದಲು ಎದುರಾಗುವ ಪ್ರಶ್ನೆ ಯಾವ ತಳಿಯನ್ನು ಸಾಕಬೇಕು ಎಂಬುದಾಗಿದೆ. ದೇಹದ ಗಾತ್ರ ಮತ್ತು ಮೈಬಣ್ಣಗಳನ್ನು ನೋಡಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ವಾಡಿಕೆ. ತಿಂದ ಮೇವಿಗೆ ಪ್ರತಿಯಾಗಿ ಪ್ರಾಣಿಯು ಎಷ್ಟು ಮಾಂಸವನ್ನು ಕೊಡುತ್ತದೆ ಎಂಬ ಲೆಕ್ಕದಿಂದಲೇ ತಳಿಯನ್ನು ನಿರ್ಣಯಿಸಬೇಕೆಂದು ಮೊದಲಿಗೆ ವ್ಯವಸ್ಥಿತವಾಗಿ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ರೈತ ರಾಬರ್ಟ್ ಬೇಕ್‌ವೆಲ್ ಅವರು ಪ್ರಮುಖರು. ಅವರ ಸಾಧನೆಯಷ್ಟೇ ಅವರು ಅನುಭವಿಸಿದ ನಷ್ಟವೂ ಇಂದಿನ ಅರ್ಜಿದಾರರಿಗೆ ಉಪಯುಕ್ತವಾದುದರಿಂದ ಅವರ ಜೀವನದ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಕೃಷಿ ಕಲಿಕೆ

ಬೇಕ್‌ವೆಲ್ ಅವರು 1725ರಲ್ಲಿ ಲೀಸ್ಟರ್‌ಶೈರ್ ಪ್ರಾಂತ್ಯದ ಲಫ್‌ಬರೋ ಪಟ್ಟಣದ ಸಮೀಪದ ಡಿಶ್ಲಿ ಎಂಬಲ್ಲಿ ಜನಿಸಿದರು. ಅವರ ಕುಟುಂಬವು ಭೂಮಾಲೀಕ ಕುಟುಂಬವಾಗಿರಲಿಲ್ಲ. ತಂದೆಯವರೂ ಅದೇ ಜಮೀನನ್ನು ಗೇಣಿಗೆ ಪಡೆದು ಸಾಗುವಳಿ ಮಾಡುತ್ತಿದ್ದರು. ಯೌವನದಲ್ಲಿ ಬೇಕ್‌ವೆಲ್ ಅವರು ಇಂಗ್ಲೆಂಡಿನ ಹಲವು ಭಾಗಗಳಲ್ಲಿಯೂ ಯುರೋಪಿನಲ್ಲಿಯೂ ಸಂಚರಿಸಿ, ಅಲ್ಲಿನ ರೈತರು ಮೇವು ಬೆಳೆಯುವ ಮತ್ತು ಜಾನುವಾರು ಸಾಕುವ ಕ್ರಮಗಳನ್ನು ಗಮನಿಸಿದರು. 1760ರ ವೇಳೆಗೆ ಡಿಶ್ಲಿ ಕ್ಷೇತ್ರದ ಸಂಪೂರ್ಣ ನಿರ್ವಹಣೆ ಅವರ ಕೈಗೆ ಬಂದಿತು. ಅವರು ವಿವಾಹವಾಗಲಿಲ್ಲ. ಮನೆವಾರ್ತೆಯನ್ನು ಅವರ ಸಹೋದರಿ ನೋಡಿಕೊಳ್ಳುತ್ತಿದ್ದರು.

ಡಿಶ್ಲಿ ಕ್ಷೇತ್ರದ ನಿರ್ವಹಣೆ

ಡಿಶ್ಲಿ ಕ್ಷೇತ್ರದ ವಿಸ್ತೀರ್ಣ ಸುಮಾರು 440 ಎಕರೆ. ಇದರ ನಾಲ್ಕನೇ ಒಂದು ಭಾಗದಲ್ಲಿ ಮಾತ್ರ ಉಳುಮೆ ನಡೆಯುತ್ತಿದ್ದು, ಉಳಿದ ಭೂಮಿಯನ್ನು ಹುಲ್ಲಿಗಾಗಿ ಮೀಸಲಿಡಲಾಗಿತ್ತು. ಬೇಕ್‌ವೆಲ್ ಅವರು ಕಾಲುವೆಗಳನ್ನು ತೋಡಿಸಿ ಹುಲ್ಲುಗಾವಲಿಗೆ ನೀರು ಹಾಯಿಸಿದರು. ಇದರಿಂದ ವರ್ಷದಲ್ಲಿ ಹಲವು ಬಾರಿ ಹುಲ್ಲು ಕೊಯ್ಯುವುದು ಸಾಧ್ಯವಾಯಿತು. ಹೊಲದಲ್ಲಿ ಬೆಳೆದ ಟರ್ನಿಪ್ ಗಡ್ಡೆಗಳನ್ನು ಅದೇ ಕಾಲುವೆಯ ನೀರಿನಲ್ಲಿ ತೇಲಿಬಿಟ್ಟು ಕೊಟ್ಟಿಗೆಗೆ ತರಿಸಿಕೊಳ್ಳುತ್ತಿದ್ದುದರಿಂದ ಸಾಗಣೆಯ ವೆಚ್ಚವೂ ಉಳಿಯುತ್ತಿತ್ತು. ತಳಿ ಸುಧಾರಣೆಗೆ ಮೊದಲು ಮೇವಿನ ವ್ಯವಸ್ಥೆ ಆಗಬೇಕೆಂಬ ಕ್ರಮವನ್ನು ಅವರು ಪಾಲಿಸಿದರು. 1770ರ ಸುಮಾರಿಗೆ ಈ ಕ್ಷೇತ್ರಕ್ಕೆ ಭೇಟಿ ನೀಡಿದ ಕೃಷಿ ಲೇಖಕ ಆರ್ಥರ್ ಯಂಗ್ ಅವರು, ಇಷ್ಟೇ ಭೂಮಿಯಲ್ಲಿ 60 ಕುದುರೆಗಳು, 150 ದನಗಳು ಮತ್ತು 400 ದೊಡ್ಡ ಕುರಿಗಳು ಇರುವುದನ್ನು ದಾಖಲಿಸಿದ್ದಾರೆ. ಪ್ರಾಣಿಗಳನ್ನು ಹೊಡೆಯದೆ, ಬೆದರಿಸದೆ ಸಾಕಿದ್ದರಿಂದ ದೊಡ್ಡ ಹೋರಿಗಳನ್ನು ಸಹ ಹುಡುಗರು ಸಣ್ಣ ಕೋಲು ಹಿಡಿದು ನಡೆಸಿಕೊಂಡು ಹೋಗುತ್ತಿದ್ದರು.

ತಳಿ ಸುಧಾರಣೆಯ ವಿಧಾನ

ಆ ಕಾಲದಲ್ಲಿ ಗಂಡು ಹೆಣ್ಣು ಪ್ರಾಣಿಗಳು ಒಂದೇ ಹಿಂಡಿನಲ್ಲಿ ಮೇಯುತ್ತಿದ್ದು, ಮರಿಯ ತಂದೆ ಯಾವುದೆಂಬುದು ತಿಳಿಯುತ್ತಿರಲಿಲ್ಲ. ಬೇಕ್‌ವೆಲ್ ಅವರು ಗಂಡುಗಳನ್ನು ಪ್ರತ್ಯೇಕಿಸಿ, ಆಯ್ದ ಗಂಡನ್ನು ಆಯ್ದ ಹೆಣ್ಣಿಗೆ ಮಾತ್ರ ಕೂಡಿಸಿದರು. ಉತ್ತಮ ಗುಣಗಳನ್ನು ಸ್ಥಿರಗೊಳಿಸಲು ಹತ್ತಿರದ ರಕ್ತಸಂಬಂಧದೊಳಗೇ ಸಂತಾನೋತ್ಪತ್ತಿ ಮಾಡಿಸಿದರು. ಕುರಿಯು ಮುಖ್ಯವಾಗಿ ಉಣ್ಣೆಗಾಗಿ, ದನವು ಮುಖ್ಯವಾಗಿ ದುಡಿಮೆ ಮತ್ತು ಹಾಲಿಗಾಗಿ ಎಂಬ ಭಾವನೆ ಅಂದು ಪ್ರಬಲವಾಗಿತ್ತು. ಕೈಗಾರಿಕಾ ಪಟ್ಟಣಗಳು ಬೆಳೆಯುತ್ತಿದ್ದಂತೆ ಮಾಂಸದ ಬೇಡಿಕೆ ಏರುವುದನ್ನು ಅವರು ಮುಂಚಿತವಾಗಿ ಗುರುತಿಸಿ, ಮೂಳೆ ಕಡಿಮೆ, ಮಾಂಸ ಹೆಚ್ಚು ಇರುವ, ಬೇಗ ಬಲಿಯುವ ಪ್ರಾಣಿಗಳನ್ನು ಆಯ್ಕೆ ಮಾಡತೊಡಗಿದರು. ಹೀಗೆ ರೂಪುಗೊಂಡ ನ್ಯೂ ಲೀಸ್ಟರ್ ಕುರಿಯು ಸುಮಾರು ಎರಡು ವರ್ಷದಲ್ಲಿಯೇ ಮಾರಾಟಕ್ಕೆ ಸಿದ್ಧವಾಗುತ್ತಿತ್ತು. ಹಳೆಯ ತಳಿಗಳಿಗೆ ಇದಕ್ಕಿಂತ ಹೆಚ್ಚಿನ ಕಾಲ ಬೇಕಾಗುತ್ತಿತ್ತು. ಲಾಂಗ್‌ಹಾರ್ನ್ ದನ, ಗಾಡಿ ಎಳೆಯುವ ಕಪ್ಪು ಕುದುರೆ ಮತ್ತು ಹಂದಿಗಳಲ್ಲಿಯೂ ಅವರು ಇದೇ ಪ್ರಯತ್ನ ನಡೆಸಿದರು.

ಮೇವು ಮತ್ತು ಮಾಂಸದ ತುಲನೆ

ಬೇಕ್‌ವೆಲ್ ಅವರ ಕಾರ್ಯದಲ್ಲಿ ಅತ್ಯಂತ ಮಹತ್ವದ ಭಾಗ ಇದಾಗಿದೆ. ಬೇರೆ ಬೇರೆ ತಳಿಯ ಕುರಿಗಳನ್ನು ಪ್ರತ್ಯೇಕವಾಗಿರಿಸಿ, ಪ್ರತಿಯೊಂದಕ್ಕೂ ಕೊಟ್ಟ ಮೇವನ್ನು ತೂಗಿ, ಅವುಗಳ ದೇಹತೂಕ ಎಷ್ಟು ಏರಿತೆಂಬುದನ್ನು ಹೋಲಿಸುವ ಪರೀಕ್ಷೆಗಳನ್ನು ಅವರು ಕೈಗೊಂಡರು. ಹೆಚ್ಚು ತೂಗುವ ಕುರಿಯೇ ಹೆಚ್ಚು ಲಾಭದ ಕುರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ದೊಡ್ಡ ಕುರಿಯು ಮೇವನ್ನೂ ಹೆಚ್ಚು ತಿನ್ನುತ್ತದೆ, ಅದರ ತೂಕದಲ್ಲಿ ಮೂಳೆಯ ಪಾಲೂ ಹೆಚ್ಚಿರಬಹುದು. ಆದುದರಿಂದ ಒಂದು ಎಕರೆ ಹುಲ್ಲಿನಿಂದ ದೊರೆತ ಮಾಂಸವೆಷ್ಟು ಎಂಬುದನ್ನೇ ಅವರು ಅಳತೆಗೋಲಾಗಿ ಇಟ್ಟುಕೊಂಡರು. ವಧೆಯಾದ ಉತ್ತಮ ಪ್ರಾಣಿಗಳ ಅಸ್ಥಿಪಂಜರಗಳನ್ನೂ ಉಪ್ಪುನೀರಿನಲ್ಲಿ ಕಾದಿರಿಸಿದ ಮಾಂಸದ ತುಂಡುಗಳನ್ನೂ ಮನೆಯಲ್ಲಿ ಇರಿಸಿಕೊಂಡು, ಮೂಳೆಯ ದಪ್ಪ ಮತ್ತು ಕೊಬ್ಬಿನ ಪದರವನ್ನು ತಲೆಮಾರಿನಿಂದ ತಲೆಮಾರಿಗೆ ಹೋಲಿಸುತ್ತಿದ್ದರು.

ಟಗರುಗಳ ಬಾಡಿಗೆ ಪದ್ಧತಿ

ಬೇಕ್‌ವೆಲ್ ಅವರು ತಮ್ಮ ಉತ್ತಮ ಟಗರುಗಳನ್ನು ಮಾರದೆ, ಒಂದು ಋತುವಿನ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದರು. ಇದರಿಂದ ಒಂದೇ ಟಗರಿನ ಮರಿಗಳು ಹಲವರ ಹಿಂಡಿನಲ್ಲಿ ಹೇಗೆ ಬೆಳೆಯುತ್ತವೆ ಎಂಬುದನ್ನು ನೋಡಿ, ಅತ್ಯುತ್ತಮ ಟಗರನ್ನು ಮರಳಿ ತಮ್ಮ ಹಿಂಡಿಗೆ ಬಳಸಲು ಅವಕಾಶವಾಯಿತು. ಆರಂಭದಲ್ಲಿ ಒಂದು ಗಿನಿಗಿಂತಲೂ ಕಡಿಮೆಯಿದ್ದ ಬಾಡಿಗೆಯು 1780ರ ದಶಕದಲ್ಲಿ ನೂರಾರು ಗಿನಿಗಳಿಗೆ ಏರಿತು. 1783ರಲ್ಲಿ ಡಿಶ್ಲಿ ಸಂಘ ಸ್ಥಾಪನೆಯಾಗಿ, ಟಗರುಗಳನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬ ನಿಯಮಗಳನ್ನು ಸದಸ್ಯರು ರೂಪಿಸಿಕೊಂಡರು. ಇಂಗ್ಲೆಂಡಿನ ರೈತರಲ್ಲದೆ ಹೊರದೇಶಗಳ ಗಣ್ಯರೂ ಡಿಶ್ಲಿಗೆ ಬಂದು ಹೋಗುತ್ತಿದ್ದರು.

ಆರ್ಥಿಕ ಸಂಕಷ್ಟ ಮತ್ತು ಮಿತಿಗಳು

ಇಷ್ಟೊಂದು ಹೆಸರು ಗಳಿಸಿದ್ದರೂ 1776ರಲ್ಲಿ ಬೇಕ್‌ವೆಲ್ ಅವರು ದಿವಾಳಿಯೆಂದು ಘೋಷಿತರಾದರು. ಪ್ರಯೋಗಗಳಿಗೆ ತಗಲುತ್ತಿದ್ದ ವೆಚ್ಚ, ದೂರದೂರದಿಂದ ಬಂದವರಿಗೆಲ್ಲ ನೀಡುತ್ತಿದ್ದ ಉದಾರ ಆತಿಥ್ಯ ಇವು ಆದಾಯವನ್ನು ಮೀರಿದ್ದವು. ಪ್ರಾಣಿಯ ಮೇವು ಮತ್ತು ತೂಕದ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ಇಟ್ಟವರಿಗೆ ಮನೆ ಮತ್ತು ಕ್ಷೇತ್ರದ ಜಮಾ ಖರ್ಚು ಕೈಮೀರಿತ್ತು. ಆದರೂ ಅವರು ಡಿಶ್ಲಿಯಲ್ಲಿಯೇ ಮುಂದುವರಿದು, ಟಗರುಗಳ ಬಾಡಿಗೆಯಿಂದ ಚೇತರಿಸಿಕೊಂಡರು.

ಅವರ ತಳಿಗಳಿಗೂ ಮಿತಿಗಳಿದ್ದವು. ನ್ಯೂ ಲೀಸ್ಟರ್ ಕುರಿಯ ಮಾಂಸದಲ್ಲಿ ಕೊಬ್ಬು ಅತಿಯಾಗಿದ್ದು, ಶ್ರಮಿಕರಿಗೆ ಅದು ಒಪ್ಪಿಗೆಯಾದರೂ ಶ್ರೀಮಂತರ ಊಟಕ್ಕೆ ಸಲ್ಲುತ್ತಿರಲಿಲ್ಲ. ಹತ್ತಿರದ ರಕ್ತಸಂಬಂಧದ ಸಂತಾನೋತ್ಪತ್ತಿಯಿಂದ ಫಲವಂತಿಕೆ ಕುಂದಿತು. ಲಾಂಗ್‌ಹಾರ್ನ್ ದನಗಳಲ್ಲಿ ಹಾಲು ಕಡಿಮೆಯಾಗಿ, ಮುಂದಿನ ತಲೆಮಾರಿನಲ್ಲಿ ಶಾರ್ಟ್‌ಹಾರ್ನ್ ತಳಿಯು ಅವುಗಳ ಸ್ಥಾನವನ್ನು ಆಕ್ರಮಿಸಿತು. ಬೇಕ್‌ವೆಲ್ ಅವರು ತಮ್ಮ ವಿಧಾನದ ಬಗ್ಗೆ ಗ್ರಂಥವನ್ನು ಬರೆಯಲಿಲ್ಲ, ತಳಿ ದಾಖಲೆಗಳನ್ನೂ ಪ್ರಕಟಿಸಲಿಲ್ಲ.

ನಿಧನ ಮತ್ತು ಪ್ರಭಾವ

ಬೇಕ್‌ವೆಲ್ ಅವರು 1795ರ ಅಕ್ಟೋಬರ್ 1ರಂದು ನಿಧನರಾದರು. ಡಿಶ್ಲಿಯ ಶಿಥಿಲ ಚರ್ಚಿನಲ್ಲಿ ಅವರ ಸಮಾಧಿಯಿದೆ. ಅವರ ಶಿಷ್ಯರು ಮತ್ತು ಸ್ನೇಹಿತರು ಇದೇ ವಿಧಾನದಿಂದ ಬಾರ್ಡರ್ ಲೀಸ್ಟರ್ ಮುಂತಾದ ತಳಿಗಳನ್ನು ಬೆಳೆಸಿದರು. ಚಾರ್ಲ್ಸ್ ಡಾರ್ವಿನ್ ಅವರು 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಾನವನು ಆಯ್ಕೆಯ ಮೂಲಕ ಪ್ರಾಣಿಗಳನ್ನು ಬದಲಿಸಬಲ್ಲನೆಂಬುದಕ್ಕೆ ಬೇಕ್‌ವೆಲ್ ಅವರ ಕಾರ್ಯವನ್ನು ಉದಾಹರಿಸಿದ್ದಾರೆ. ಹಂದಿಗಳ ವಿಷಯದಲ್ಲಿ ಬೇಕ್‌ವೆಲ್ ಅವರಿಗೆ ಕುರಿಗಳಷ್ಟು ಯಶಸ್ಸು ದೊರೆಯಲಿಲ್ಲ. ಆದರೆ ಮೇವನ್ನು ತೂಗಿ ತಳಿಯನ್ನು ಅಳೆಯುವ ಕ್ರಮವು ಹಂದಿ ಸಾಕಣೆಯಲ್ಲಿಯೇ ಪೂರ್ಣ ರೂಪ ಪಡೆಯಿತು. ಡೆನ್ಮಾರ್ಕ್ ದೇಶವು 1907ರಲ್ಲಿ ಹಂದಿಗಳ ಸಂತತಿ ಪರೀಕ್ಷಾ ಕೇಂದ್ರವನ್ನು ಆರಂಭಿಸಿ, ಒಂದೊಂದು ಸೂಲಿನ ಮರಿಗಳು ತಿಂದ ಆಹಾರ, ಏರಿದ ತೂಕ ಮತ್ತು ಮಾಂಸದ ಗುಣಮಟ್ಟವನ್ನು ಅಳೆಯತೊಡಗಿತು. ಇಂದು ನಮ್ಮಲ್ಲಿ ಪರಿಚಿತವಾಗಿರುವ ಲ್ಯಾಂಡ್‌ರೇಸ್ ತಳಿಯು ಈ ಪರೀಕ್ಷೆಗಳ ಮೂಲಕ ಸುಧಾರಿಸಿದ ತಳಿಯಾಗಿದೆ.

ಹಂದಿ ತಳಿಗಳಿಗೆ ಈ ಲೆಕ್ಕದ ಅನ್ವಯ

ದೊಡ್ಡ ಬಿಳಿ ಯಾರ್ಕ್‌ಶೈರ್ ತಳಿಯ ಬೆಳೆದ ಗಂಡು ಹಂದಿಯು ಸುಮಾರು 300ರಿಂದ 400 ಕಿ.ಗ್ರಾಂ. ತೂಗುತ್ತದೆ. ಆದರೆ ಮಾಂಸಕ್ಕಾಗಿ ಸಾಕುವವರಿಗೆ ಈ ತೂಕ ಮುಖ್ಯವಲ್ಲ. 90 ಕಿ.ಗ್ರಾಂ. ತಲುಪುವಷ್ಟರಲ್ಲಿ ಆದ ಖರ್ಚೇ ಮುಖ್ಯ. ಹಂದಿ ಸಾಕಣೆಯ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ. 70ರಷ್ಟಿರುತ್ತದೆ. ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ, ಆಹಾರದ ದರವನ್ನು ಕಿ.ಗ್ರಾಂ.ಗೆ ರೂ. 30 ಎಂದು ಭಾವಿಸಿ ಮೂರು ಉದಾಹರಣೆಗಳನ್ನು ಕೊಡಲಾಗಿದೆ. ಮರಿಯ ಬೆಲೆ, ಕೂಲಿ, ಬಡ್ಡಿ ಮತ್ತು ಔಷಧಿಯ ವೆಚ್ಚಗಳು ಇದರಲ್ಲಿ ಸೇರಿರುವುದಿಲ್ಲ.

1. ಯಾರ್ಕ್‌ಶೈರ್ ಹಂದಿ, ಉತ್ತಮ ನಿರ್ವಹಣೆ: 10 ಕಿ.ಗ್ರಾಂ.ನಿಂದ 90 ಕಿ.ಗ್ರಾಂ.ಗೆ ಏರಿಕೆ 80 ಕಿ.ಗ್ರಾಂ. ಪ್ರತಿ ಕಿ.ಗ್ರಾಂ. ಏರಿಕೆಗೆ 3.5 ಕಿ.ಗ್ರಾಂ. ಆಹಾರದಂತೆ 280 ಕಿ.ಗ್ರಾಂ.; ವೆಚ್ಚ ರೂ. 8,400. ವಧೆಯ ನಂತರ ಶೇ. 75ರಂತೆ ಮಾಂಸ 67.5 ಕಿ.ಗ್ರಾಂ. ಪ್ರತಿ ಕಿ.ಗ್ರಾಂ. ಮಾಂಸಕ್ಕೆ ಆಹಾರ ವೆಚ್ಚ ಸುಮಾರು ರೂ. 124.

2. ಅದೇ ಯಾರ್ಕ್‌ಶೈರ್ ಹಂದಿ, ಅಸಮತೋಲ ಆಹಾರ: ಪ್ರತಿ ಕಿ.ಗ್ರಾಂ. ಏರಿಕೆಗೆ 5 ಕಿ.ಗ್ರಾಂ. ಬೇಕಾದಲ್ಲಿ ಆಹಾರ 400 ಕಿ.ಗ್ರಾಂ.; ವೆಚ್ಚ ರೂ. 12,000. ಪ್ರತಿ ಕಿ.ಗ್ರಾಂ. ಮಾಂಸಕ್ಕೆ ಸುಮಾರು ರೂ. 178.

3. ನಾಟಿ ಹಂದಿ, ಖರೀದಿಸಿದ ಆಹಾರ: 8 ಕಿ.ಗ್ರಾಂ.ನಿಂದ 50 ಕಿ.ಗ್ರಾಂ.ಗೆ ಏರಿಕೆ 42 ಕಿ.ಗ್ರಾಂ. ಪ್ರತಿ ಕಿ.ಗ್ರಾಂ.ಗೆ 5 ಕಿ.ಗ್ರಾಂ.ನಂತೆ 210 ಕಿ.ಗ್ರಾಂ.; ವೆಚ್ಚ ರೂ. 6,300. ಶೇ. 65ರಂತೆ ಮಾಂಸ 32.5 ಕಿ.ಗ್ರಾಂ. ಪ್ರತಿ ಕಿ.ಗ್ರಾಂ. ಮಾಂಸಕ್ಕೆ ಸುಮಾರು ರೂ. 194.

ಮೊದಲ ಮತ್ತು ಎರಡನೆಯ ಉದಾಹರಣೆಗಳಲ್ಲಿ ತಳಿ ಒಂದೇ ಆಗಿದ್ದರೂ ವೆಚ್ಚದಲ್ಲಿ ಕಿ.ಗ್ರಾಂ.ಗೆ ರೂ. 54ರಷ್ಟು ಅಂತರವಿದೆ. ಸುಧಾರಿತ ತಳಿಯನ್ನು ತಂದು ಅದಕ್ಕೆ ತಕ್ಕ ಆಹಾರ ಕೊಡದಿದ್ದರೆ ತಳಿಯ ಲಾಭದ ಬಹುಪಾಲು ಕೈತಪ್ಪುತ್ತದೆ. ಮರಿಗಾಗಿ ಕೊಟ್ಟ ಹೆಚ್ಚಿನ ಬೆಲೆ ಮತ್ತು ಸಾಲದ ಬಡ್ಡಿ ಮಾತ್ರ ಉಳಿಯುತ್ತವೆ. ಇನ್ನೊಂದೆಡೆ, ಖಾನಾವಳಿಗಳ ಉಳಿಕೆ ಆಹಾರ ಮತ್ತು ತರಕಾರಿ ಪೇಟೆಯ ತ್ಯಾಜ್ಯವನ್ನು ಸಂಗ್ರಹಿಸಿ, ಆಹಾರದ ದರವನ್ನು ಕಿ.ಗ್ರಾಂ.ಗೆ ರೂ. 10ಕ್ಕೆ ಇಳಿಸಿಕೊಳ್ಳಬಲ್ಲ ಕುಟುಂಬಕ್ಕೆ ನಾಟಿ ಹಂದಿಯ ಮಾಂಸವೂ ಕಿ.ಗ್ರಾಂ.ಗೆ ಸುಮಾರು ರೂ. 65ರ ಆಹಾರ ವೆಚ್ಚದಲ್ಲಿ ದೊರೆಯುತ್ತದೆ. ಆದರೆ ಒಂದು ಹಂದಿಯಿಂದ ದೊರೆಯುವ ಮಾಂಸ ಅರ್ಧಕ್ಕಿಂತ ಕಡಿಮೆ, ಬೆಳೆಯಲು ಬೇಕಾದ ಕಾಲ ಹೆಚ್ಚು ಎಂಬುದನ್ನು ಗಮನದಲ್ಲಿಡಬೇಕು.

ಅರ್ಜಿದಾರರ ಗಮನಕ್ಕೆ

ಅ) ಅರ್ಜಿಗೆ ಮೊದಲು ವರ್ಷವಿಡೀ ದೊರೆಯುವ ಆಹಾರ ಮತ್ತು ಅದರ ದರವನ್ನು ಬರೆದುಕೊಂಡು, ನಂತರ ತಳಿ ಮತ್ತು ಹಂದಿಗಳ ಸಂಖ್ಯೆಯನ್ನು ನಿರ್ಧರಿಸುವುದು.

ಆ) ಈ ಭಾಗದಲ್ಲಿ ಬೆಳೆಯುವ ಗೋವಿನಜೋಳವು ಹಂದಿಗೆ ಉತ್ತಮ ಆಹಾರವಾಗಿದ್ದು, ಅದರೊಂದಿಗೆ ಸಸಾರಜನಕವುಳ್ಳ ಹಿಂಡಿ ಹಾಗೂ ಖನಿಜ ಮಿಶ್ರಣ ಅಗತ್ಯ. ಹತ್ತಿಕಾಳಿನ ಹಿಂಡಿಯಲ್ಲಿರುವ ಗಾಸಿಪಾಲ್ ಅಂಶವು ಹಂದಿಗಳಿಗೆ ವಿಷಕಾರಿಯಾದುದರಿಂದ ಪಶುವೈದ್ಯರ ಸಲಹೆಯಿಲ್ಲದೆ ಅದನ್ನು ಕೊಡಬಾರದು.

ಇ) ಉಳಿಕೆ ಆಹಾರವನ್ನು ಚೆನ್ನಾಗಿ ಕುದಿಸಿಯೇ ಕೊಡತಕ್ಕದ್ದು. 2020ರಲ್ಲಿ ಭಾರತದಲ್ಲಿ ಮೊದಲಿಗೆ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರಕ್ಕೆ ಚಿಕಿತ್ಸೆಯಿಲ್ಲ. ಅದು ಆಹಾರದ ಮೂಲಕವೂ ಹರಡುತ್ತದೆ. ಸಾಮಾನ್ಯ ಹಂದಿ ಜ್ವರಕ್ಕೆ ಲಸಿಕೆ ಲಭ್ಯವಿದ್ದು ಸಕಾಲದಲ್ಲಿ ಹಾಕಿಸುವುದು.

ಈ) ಸಂಬಂಧವಿಲ್ಲದ ಹಿಂಡಿನಿಂದ ಗಂಡು ಹಂದಿಯನ್ನು ತಂದು, ಅದರ ಹೆಣ್ಣುಮರಿಗಳು ಪ್ರಾಯಕ್ಕೆ ಬರುವ ಮೊದಲು ಬದಲಾಯಿಸುವುದು. ಫಲವಂತಿಕೆ ಕುಂದಿ ಬೇಕ್‌ವೆಲ್ ಅವರ ಹಿಂಡಿಗೆ ಆದ ಹಾನಿಯನ್ನು ಇದರಿಂದ ತಪ್ಪಿಸಬಹುದು.

ಉ) ಒಂದು ಪುಸ್ತಕದಲ್ಲಿ ಆಹಾರ, ತೂಕ ಮತ್ತು ಮಾರಾಟದ ವಿವರಗಳನ್ನೂ, ಇನ್ನೊಂದರಲ್ಲಿ ಮನೆಯ ಖರ್ಚನ್ನೂ ಪ್ರತ್ಯೇಕವಾಗಿ ಬರೆದಿಡುವುದು. ಸಾಲದ ಹಣವು ಮನೆಯ ಖರ್ಚಿಗೆ ಹರಿದಲ್ಲಿ ಎಂತಹ ಉತ್ತಮ ತಳಿಯೂ ಘಟಕವನ್ನು ಉಳಿಸಲಾರದು.

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್‌ನ ಉದ್ಯಮಶೀಲತಾ ಯೋಜನೆಯಲ್ಲಿ ಹಂದಿ ತಳಿ ಸಂವರ್ಧನಾ ಘಟಕಗಳಿಗೆ ನಿಗದಿತ ಮಿತಿಗೊಳಪಟ್ಟು ಶೇ. 50ರಷ್ಟು ಬಂಡವಾಳ ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಜಾರಿಯಲ್ಲಿರುವ ನಿಯಮಗಳು, ಘಟಕದ ಗಾತ್ರ ಮತ್ತು ಬೇಕಾದ ದಾಖಲೆಗಳನ್ನು ಆಯಾ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಅರ್ಜಿ ಸಲ್ಲಿಸಲು ಕೋರಲಾಗಿದೆ.